ಲೇತಿಗೆ ಹಾಕಿಸಿದರೂ ಬ್ರೇಕಿನ ನಡುಕ ಮತ್ತೆ ಯಾಕೆ ಬರುತ್ತದೆ?

ಪ್ರಶ್ನೆ: ನನ್ನ ಪಿಕಪ್‌ಗೆ ನಾಲ್ಕು ವರ್ಷ ಆಯಿತು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಸೀಸನ್ನಿನಲ್ಲಿ ಕುಮಟೆಯಿಂದ ಶಿರಸಿಗೆ ಮೀನು ಒಯ್ಯುತ್ತೇನೆ. ಬರುವಾಗ ಬಾಡಿಗೆ ಸಿಕ್ಕರೆ ಬಾಳೆಗೊನೆಯೋ ಶುಂಠಿಯೋ ಹೇರಿಕೊಂಡು ಇಳಿಯುತ್ತೇನೆ. ದೇವಿಮನೆ ಘಟ್ಟ ಇಳಿದು ಕತಗಾಲ ದಾಟಿದ ಮೇಲೆ 60–70ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ನಡುಗುತ್ತದೆ. ಎರಡು ಸಲ ಡಿಸ್ಕ್ ಲೇತಿಗೆ ಹಾಕಿಸಿ ಮುಖ ಕೆರೆಸಿ ಸಮ ಮಾಡಿಸಿದೆ. ಎರಡೂ ಸಲ ಒಂದೂವರೆ ತಿಂಗಳು ಸರಿ ಇತ್ತು, ಆಮೇಲೆ ಮತ್ತೆ ಶುರು. ಈಗ ಗ್ಯಾರೇಜಿನವರು ಡಿಸ್ಕ್ ಬೆಂಡ್ ಆಗಿದೆ, ಹೊಸದೇ ಹಾಕಿ ಅನ್ನುತ್ತಾರೆ. ಹಾಕಿಸಲಾ?

ಉತ್ತರ: ಈಗಲೇ ಬೇಡ. ಕೊನೆಗೆ ಹೊಸ ಡಿಸ್ಕ್ ಬೇಕಾಗಬಹುದು. ಎರಡು ಸಲ ಲೇತಿಗೆ ಹೋಗಿ ಬಂದಿದೆ ಅಂದರೆ ಬೇಕಾಗುವ ಸಾಧ್ಯತೆಯೇ ಜಾಸ್ತಿ. ಆದರೆ ಡಿಸ್ಕ್ ಕೂರುವ ಜಾಗವನ್ನು ನೋಡದೆ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕ್ಯಾಲಿಪರ್ ಪರೀಕ್ಷೆ ಮಾಡದೆ ಹೊಸದು ಹಾಕಿದರೆ ಅದೂ ಹೀಗೇ ನಡುಗಲು ಶುರು ಮಾಡುತ್ತದೆ. ಆಗ ನಿಮ್ಮ ದುಡ್ಡೂ ಹೋಯಿತು, ಬಾಡಿಗೆ ಇಲ್ಲದೆ ಎರಡು ದಿನವೂ ಹೋಯಿತು.

ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸುಳಿವು ಆ ‘ಒಂದೂವರೆ ತಿಂಗಳು’. ಲೇತಿನ ಕೆಲಸವೇ ಕೆಟ್ಟಿದ್ದರೆ ಗ್ಯಾರೇಜಿನಿಂದ ಹೊರಗೆ ಬಂದ ದಿನವೇ ನಡುಕ ಇರುತ್ತಿತ್ತು. ಹಾಗಾಗಲಿಲ್ಲ. ಮೊದಲು ಸರಿಯಾಗಿದ್ದು, ನಿಧಾನಕ್ಕೆ ಹುಟ್ಟಿಕೊಂಡು, ಎರಡೂ ಸಲ ಹೆಚ್ಚುಕಡಿಮೆ ಅಷ್ಟೇ ದಿನಕ್ಕೆ ಬಂದಿದೆ. ಅಂದರೆ ಡಿಸ್ಕನ್ನು ಏನೋ ಒಂದು ದಿನಾ ಸ್ವಲ್ಪ ಸ್ವಲ್ಪ ಕೆಡಿಸುತ್ತಿದೆ. ಅದನ್ನು ಹುಡುಕಬೇಕು.

‘ಡಿಸ್ಕ್ ಬೆಂಡ್’ ಅನ್ನುವ ಮಾತು ಎಲ್ಲ ಗ್ಯಾರೇಜುಗಳಲ್ಲೂ ಇದೆ. ಆದರೆ ನಿಜವಾಗಿ ಬಗ್ಗಿದ ಡಿಸ್ಕ್ ಸಿಗುವುದು ಅಪರೂಪ. ನಡುಕಕ್ಕೆ ಸಾಮಾನ್ಯವಾದ ಕಾರಣ, ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿರುವುದು. ಒಂದು ಕಡೆ ತುಸು ದಪ್ಪ, ಇನ್ನೊಂದು ಕಡೆ ತುಸು ತೆಳು. ದಪ್ಪದ ಜಾಗ ಪ್ಯಾಡುಗಳ ನಡುವೆ ಬಂದಾಗ ಹಿಡಿತ ಜಾಸ್ತಿ, ತೆಳು ಜಾಗ ಬಂದಾಗ ಕಡಿಮೆ. 60ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತಿರಹತ್ತಿರ ಎಂಟು ಸುತ್ತು ಸುತ್ತುತ್ತದೆ. ಆ ಹಿಡಿ-ಬಿಡು ಅಷ್ಟೇ ಸಲ ನಿಮ್ಮ ಕೈಗೆ ಬಂದು ಹೊಡೆಯುತ್ತದೆ. ಇದಕ್ಕೆ ಎಷ್ಟು ವ್ಯತ್ಯಾಸ ಸಾಕು ಗೊತ್ತಾ? 0.02 ಮಿ.ಮೀ. ತಲೆಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುವುದಿಲ್ಲ. ಡಿಸ್ಕ್ ಮೇಲೆ ಕೈ ಆಡಿಸಿ ‘ಬೆಂಡ್ ಆಗಿದೆ’ ಎಂದು ಹೇಳಿದರೆ ನಂಬಬೇಡಿ. ಅಳೆಯಬೇಕು.

ಇನ್ನು ಈ ದಪ್ಪ-ತೆಳು ಹುಟ್ಟುವುದು ಹೇಗೆ ಅನ್ನುವುದು. ಡಿಸ್ಕ್ ಕೂರುವುದು ಹಬ್ಬಿನ, ಅಂದರೆ ಚಕ್ರ ಕೂರುವ ನಡುಭಾಗದ, ಮುಖದ ಮೇಲೆ. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪು, ಮಳೆಗಾಲದಲ್ಲಿ ನಾಲ್ಕು ತಿಂಗಳು ತೇವ. ಆ ಮುಖದ ಮೇಲೆ ತುಕ್ಕು ಹಕ್ಕಳೆ ಕಟ್ಟುತ್ತದೆ. ಲೇತಿನಲ್ಲಿ ಡಿಸ್ಕ್ ಎಷ್ಟೇ ಚೆನ್ನಾಗಿ ತಿರುಗಿಸಿ ತಂದರೂ, ತುಕ್ಕಿನ ಮೇಲೆ ಕೂರಿಸಿ ನಟ್ ಬಿಗಿದರೆ ಅದು ಓರೆಯಾಗಿಯೇ ಕೂರುತ್ತದೆ. ನಡುವಿನಲ್ಲಿ ಸಿಕ್ಕಿಬಿದ್ದ ಸಣ್ಣ ತುಕ್ಕಿನ ಚೂರು ಡಿಸ್ಕಿನ ಹೊರ ಅಂಚಿಗೆ ಬರುವಷ್ಟರಲ್ಲಿ ದೊಡ್ಡ ಓಲಾಟ ಆಗುತ್ತದೆ. ಆ ಓಲಾಟ ಮೊದಲ ದಿನವೇ ನಡುಕ ಕೊಡುವುದಿಲ್ಲ. ಕ್ಯಾಲಿಪರ್ ಪಿನ್ನಿನ ಮೇಲೆ ಅತ್ತಿತ್ತ ಜಾರುತ್ತದೆ, ಡಿಸ್ಕ್ ಓಲಾಡಿದ ಹಾಗೆ ತಾನೂ ಹೋಗುತ್ತದೆ. ಆದರೆ ನೀವು ಬ್ರೇಕ್ ಒತ್ತದೆ ಹೋಗುತ್ತಿರುವಾಗಲೂ, ಡಿಸ್ಕಿನ ಉಬ್ಬಿದ ಜಾಗ ಪ್ರತಿ ಸುತ್ತಿಗೂ ಪ್ಯಾಡನ್ನು ಸವರಿಕೊಂಡೇ ಹೋಗುತ್ತದೆ. ಎರಡು-ಮೂರು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಆ ಜಾಗ ಸವೆದು ತೆಳುವಾಗುತ್ತದೆ. ಅಲ್ಲಿಗೆ ದಪ್ಪ-ತೆಳು ತಯಾರು, ನಡುಕವೂ ತಯಾರು. ಮತ್ತೆ ಲೇತು, ಮತ್ತೆ ಅದೇ ತುಕ್ಕಿನ ಮೇಲೆ ಕೂರಿಸುವುದು. ನಿಮ್ಮ ಗಾಡಿಯಲ್ಲಿ ಆಗಿರುವುದು ಇದೇ ಇರಬೇಕು ಅಂತ ನನ್ನ ಬಲವಾದ ಅನುಮಾನ.

ಹಾಗಂತ ಅನುಮಾನದ ಮೇಲೆ ಬಿಚ್ಚಲು ಹೋಗಬೇಡಿ. ಮೊದಲು ರಸ್ತೆಯಲ್ಲೇ ನಾಲ್ಕು ವಿಷಯ ನೋಡಿಕೊಳ್ಳಿ.

ಬ್ರೇಕ್ ಒತ್ತದೆ ಇದ್ದಾಗಲೂ 80ರ ಆಸುಪಾಸಿನಲ್ಲಿ ಸ್ಟೇರಿಂಗ್ ನಡುಗುತ್ತದಾ? ನಡುಗಿದರೆ ಟೈರು, ವೀಲ್ ಬ್ಯಾಲೆನ್ಸಿಂಗ್ ಕಡೆ ನೋಡಬೇಕು, ಬ್ರೇಕ್ ಆಮೇಲೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ, ಎಲ್ಲಿ ನಡುಗುತ್ತದೆ ಅನ್ನುವುದು ಮುಖ್ಯ. ಕೈಗೆ ಬಂದರೆ ಮುಂದಿನ ಚಕ್ರ. ಸೀಟಿಗೆ, ಗಾಡಿಯ ಮೈಗೆ ಬಂದರೆ ಹಿಂದಿನ ಡ್ರಮ್. ಪೆಡಲ್ ಕಾಲಿಗೆ ಒದೆಯುವುದು ಎರಡರಿಂದಲೂ ಬರಬಹುದು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಜೋರಾಗಿ ಒತ್ತಿದಾಗ, ಜಲ್ಲಿಯ ಮೇಲೆ ಒತ್ತಿದಾಗ ಪೆಡಲ್ ಟಕಟಕ ಅನ್ನುವುದು ಸಹಜ. ಅದು ದೋಷವಲ್ಲ.

ಹಿಂದಿನ ಡ್ರಮ್ಮಿನ ಅನುಮಾನ ಇದ್ದರೆ ಹ್ಯಾಂಡ್ ಬ್ರೇಕ್ ಪರೀಕ್ಷೆ ಮಾಡಬಹುದು. ಗಾಡಿ ಖಾಲಿ ಇರಬೇಕು. ರಸ್ತೆ ಒಣಗಿರಬೇಕು, ನೇರ ಇರಬೇಕು, ಹಿಂದೆ ಮುಂದೆ ಯಾರೂ ಇರಬಾರದು. 40ರ ವೇಗದಲ್ಲಿ ಹ್ಯಾಂಡ್ ಬ್ರೇಕಿನ ಬಟನ್ ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಎಳೆಯಿರಿ, ಬಿಡಿ. ಆಗಲೂ ಅದುರಿದರೆ ಹಿಂದಿನ ಡ್ರಮ್ ವೃತ್ತ ತಪ್ಪಿದೆ. ಏನೂ ಆಗದಿದ್ದರೆ ತೊಂದರೆ ಮುಂದೆಯೇ ಇದೆ. ನಿಮ್ಮದು ಸ್ಟೇರಿಂಗ್ ನಡುಕ ಆದ್ದರಿಂದ ಬಹುಶಃ ಏನೂ ಆಗಲಿಕ್ಕಿಲ್ಲ. ಆದರೂ ನೋಡಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯದು ಬಿಸಿ. ಘಟ್ಟ ಇಳಿದ ದಿನ ಅಲ್ಲ, ಸಪಾಟು ರಸ್ತೆಯಲ್ಲಿ ಬ್ರೇಕ್ ಹೆಚ್ಚು ಬಳಸದೆ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ. ಮುಂದಿನ ಎರಡೂ ಚಕ್ರಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಬೆಚ್ಚಗೆ, ಇನ್ನೊಂದು ಸುಡುವಷ್ಟು ಬಿಸಿ ಇದ್ದರೆ ಆ ಬಿಸಿ ಚಕ್ರದಲ್ಲಿ ಪ್ಯಾಡ್ ಬಿಡುತ್ತಿಲ್ಲ. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಗ್ಯಾರೇಜಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಇದಾದ ಮೇಲೆ ಗಾಡಿ ಗ್ಯಾರೇಜಿಗೆ. ಸಪಾಟು ನೆಲ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು, ಜಾಕಿಯ ಜೊತೆಗೆ ಸ್ಟ್ಯಾಂಡ್. ಬರೀ ಜಾಕಿ ನಂಬಿ ಕೆಳಗೆ ತೂರುವುದು ಬೇಡ.

ಚಕ್ರ ಎತ್ತಿದ ಕೂಡಲೇ ಬಿಚ್ಚಬಾರದು. ಮೊದಲು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ-ಬಲ ಹಿಡಿದು ಅಲುಗಾಡಿಸಿದಾಗ ಆಟ ಇದ್ದರೆ ಟೈ ರಾಡ್ ಎಂಡ್ ಕಡೆ ನೋಡಿ. ಬೇರಿಂಗ್ ಸಡಿಲ ಇಟ್ಟುಕೊಂಡು ಡಿಸ್ಕ್ ಅಳೆದರೆ ಬರುವ ಅಳತೆಗೆ ಅರ್ಥವೇ ಇಲ್ಲ. ಅದನ್ನು ಮೊದಲು ಸರಿ ಮಾಡಿಸಿ.

ಚಕ್ರ ಬಿಚ್ಚಿದ ಮೇಲೆ ಡಿಸ್ಕನ್ನು ಸ್ವಲ್ಪ ಹೊತ್ತು ಸುಮ್ನೆ ನೋಡಿ. ನೀಲಿ ಅಥವಾ ಕಪ್ಪು ಕಲೆಗಳು ಅಲ್ಲಲ್ಲಿ ಇವೆಯಾ? ಸಿಕ್ಕಾಪಟ್ಟೆ ಕಾದ ಜಾಗಗಳು ಅವು. ಎರಕದ ಕಬ್ಬಿಣ ಅಷ್ಟು ಕಾದಾಗ ಆ ಜಾಗದಲ್ಲಿ ಸಿಮೆಂಟೈಟ್ ಅನ್ನುವ ಗಟ್ಟಿ ಪದಾರ್ಥ ಹುಟ್ಟುತ್ತದೆ. ಸುತ್ತಲಿನ ಕಬ್ಬಿಣ ಸವೆದರೂ ಅದು ಸವೆಯುವುದಿಲ್ಲ. ಲೇತಿನ ಟೂಲ್ ಕೂಡ ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಅದು ಒಳಗೂ ಇಳಿದಿರುತ್ತದೆ, ಹಾಗಾಗಿ ಮೇಲಿನ ಪದರ ತೆಗೆದರೂ ಕಲೆ ಉಳಿದರೆ ಆ ಡಿಸ್ಕಿಗೆ ಇನ್ನು ದುಡ್ಡು ಹಾಕಬೇಡಿ, ಬದಲಾಯಿಸಿ. ಪ್ಯಾಡಿನ ಆಕಾರದಲ್ಲೇ ಒಂದು ಅಚ್ಚು ಕಂಡರೆ ಅದು ಬೇರೆ ಕಥೆ. ಅದನ್ನು ಮುಂದೆ ಹೇಳುತ್ತೇನೆ.

ಆಮೇಲೆ ಅಳತೆ. ಡಿಸ್ಕಿನ ಮೇಲೆ ಅಥವಾ ಒಳಬದಿಯಲ್ಲಿ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಎರಕದಲ್ಲೇ ಬರೆದಿರುತ್ತದೆ. ತುಕ್ಕಿನಲ್ಲಿ ಮುಚ್ಚಿರಬಹುದು, ವೈರ್ ಬ್ರಷ್‌ನಲ್ಲಿ ಉಜ್ಜಿ ನೋಡಿ. ಕಾಣದಿದ್ದರೆ ಸರ್ವಿಸ್ ಮ್ಯಾನುಯಲ್‌ನಲ್ಲಿ ಸಿಗುತ್ತದೆ. ಮೈಕ್ರೋಮೀಟರ್‌ನಲ್ಲಿ ಹೊರ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ಸುತ್ತಲೂ ಎಂಟು ಕಡೆ ಅಳೆದು ಸೀಮೆಸುಣ್ಣದಲ್ಲಿ ಡಿಸ್ಕಿನ ಮೇಲೇ ಬರೆಯಿರಿ. ಅತಿ ದಪ್ಪಕ್ಕೂ ಅತಿ ತೆಳುವಿಗೂ ನಡುವೆ 0.02 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂತೋ, ನಡುಕದ ಮೂಲ ಸಿಕ್ಕಿತು. ಎಲ್ಲಾದರೂ ಒಂದು ಕಡೆ ಕನಿಷ್ಠ ದಪ್ಪಕ್ಕಿಂತ ಕೆಳಗೆ ಬಂದಿದ್ದರೆ ಯೋಚನೆಯೇ ಬೇಡ, ಎರಡೂ ಕಡೆಯ ಡಿಸ್ಕ್ ಹೊಸದು. ತೆಳು ಡಿಸ್ಕ್ ಬೇಗ ಕಾಯುತ್ತದೆ. ಘಟ್ಟದಲ್ಲಿ ಬಿರುಕೂ ಬಿಡಬಹುದು.

ನಂತರ ಓಲಾಟ ಅಳೆಯುವ ಡಯಲ್ ಗೇಜ್. ಇದರ ಕಾಲನ್ನು ಗಟ್ಟಿಯಾದ ಜಾಗಕ್ಕೆ ಕಚ್ಚಿಸಿ, ಮುಳ್ಳನ್ನು ಡಿಸ್ಕಿಗೆ ತಾಗಿಸಿ ಮೆಲ್ಲಗೆ ಒಂದು ಸುತ್ತು ತಿರುಗಿಸಬೇಕು. ಚಕ್ರ ಇಲ್ಲದಿರುವುದರಿಂದ ಡಿಸ್ಕನ್ನು ನಟ್ ಮತ್ತು ವಾಷರ್ ಹಾಕಿ ಹಬ್ಬಿಗೆ ಬಿಗಿದಿರಬೇಕು. ಓಲಾಟ 0.05 ಮಿ.ಮೀ. ಒಳಗಿದ್ದರೆ ಚೆನ್ನಾಗಿದೆ. ನಿಮ್ಮ ಗಾಡಿಯ ಮಿತಿ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. 0.1 ದಾಟಿದರೆ ಸಾಮಾನ್ಯವಾಗಿ ಯಾರೂ ಒಪ್ಪುವುದಿಲ್ಲ. ಓಲಾಟ ಜಾಸ್ತಿ ಇದ್ದರೆ ಡಿಸ್ಕಿಗೂ ಹಬ್ಬಿಗೂ ಸೇರಿಸಿ ಒಂದು ಗುರುತು ಹಾಕಿ, ಡಿಸ್ಕ್ ತೆಗೆದು ಒಂದು ತೂತು ಮುಂದಕ್ಕೆ ತಿರುಗಿಸಿ ಕೂರಿಸಿ, ಮತ್ತೆ ಅಳೆಯಿರಿ. ಉಬ್ಬು ಡಿಸ್ಕಿನ ಜೊತೆ ತಿರುಗಿ ಬಂದರೆ ತಪ್ಪು ಡಿಸ್ಕಿನದು. ಹಬ್ಬಿನ ಅದೇ ಜಾಗದಲ್ಲಿ ಉಳಿದರೆ ತಪ್ಪು ಹಬ್ಬಿನದು. ಹತ್ತು ನಿಮಿಷದ ಕೆಲಸ ಇದು. ಇದನ್ನು ಮಾಡದೆ ಡಿಸ್ಕ್ ಬದಲಿಸಿ ಅನ್ನುವುದು ಸರಿಯಲ್ಲ.

ಹಬ್ಬಿನ ಮುಖವನ್ನು ಶುದ್ಧ ಮಾಡುವುದೇ ಈ ಇಡೀ ಕೆಲಸದ ಜೀವ. ವೈರ್ ಬ್ರಷ್, ಆಮೇಲೆ ಎಮರಿ ಪೇಪರ್. ಸ್ಟಡ್ಡುಗಳ ಬುಡದಲ್ಲಿ ಸುತ್ತಲೂ ತುಕ್ಕು ಕೂತಿರುತ್ತದೆ, ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಸಣ್ಣ ಉಳಿಯಲ್ಲೋ ಹಳೆಯ ಸ್ಕ್ರೂಡ್ರೈವರಿನಲ್ಲೋ ಕೆರೆದು ತೆಗೆಯಬೇಕು. ನಡುವಿನ ಗುಂಡನೆಯ ಏಣಿನ ಮೂಲೆಯಲ್ಲೂ ಹಾಗೇ. ಡಿಸ್ಕಿನ ಒಳಮುಖವನ್ನೂ ಬಿಡಬೇಡಿ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರಿನಲ್ಲಿ ತೊಳೆಯಬೇಕು. ಆ ಜಾಗಕ್ಕೆ ಪೇಂಟ್ ಹೊಡೆಯಬೇಡಿ, ಗ್ರೀಸ್ ದಪ್ಪಗೆ ಬಳಿಯಬೇಡಿ. ಎರಡೂ ಕಬ್ಬಿಣ ನೇರವಾಗಿ ಒಂದಕ್ಕೊಂದು ತಾಗಬೇಕು.

ಕೆಲವು ಪಿಕಪ್‌ಗಳಲ್ಲಿ ಡಿಸ್ಕ್ ಎಳೆದರೆ ಬರುತ್ತದೆ. ಇನ್ನು ಕೆಲವಲ್ಲಿ ಹಬ್ಬಿಗೆ ಹಿಂದಿನಿಂದ ಬೋಲ್ಟ್ ಹಾಕಿರುತ್ತಾರೆ, ಹಬ್ ಸಮೇತ ಹೊರಗೆ ತೆಗೆಯಬೇಕು. ನಿಮ್ಮದು ಎರಡನೆಯ ಥರದ್ದಾದರೆ, ಲೇತಿಗೆ ಹಾಕಿಸುವಾಗ ಡಿಸ್ಕನ್ನು ಹಬ್ಬಿನಿಂದ ಬಿಚ್ಚದೆ ಜೊತೆಯಾಗಿಯೇ, ಬೇರಿಂಗ್ ಕೂರುವ ಜಾಗವನ್ನು ಕೇಂದ್ರ ಮಾಡಿಕೊಂಡು ತಿರುಗಿಸಲು ಹೇಳಿ. ಹಬ್ಬಿನ ಓರೆಯೂ ಅದರಲ್ಲೇ ಕಳೆದುಹೋಗುತ್ತದೆ. ಲೇತಿನವರಿಗೆ ಸ್ವಲ್ಪ ಕಿರಿಕಿರಿ, ಆದರೆ ಕೇಳಿ ಮಾಡಿಸಿಕೊಳ್ಳಿ. ಎರಡೂ ಮುಖದಿಂದ ಸಮ ತೆಗೆಯಬೇಕು, ಎಷ್ಟು ಬೇಕೋ ಅಷ್ಟೇ.

ಇನ್ನು ಕ್ಯಾಲಿಪರ್. ಹೊರಗೆ ತೆಗೆದಾಗ ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಎರಡನ್ನೂ ಪಕ್ಕಪಕ್ಕ ಇಡಿ. ಒಂದು ಅರ್ಧ ಸವೆದು ಇನ್ನೊಂದು ಹೊಸದರಂತೆ ಇದ್ದರೆ ಕ್ಯಾಲಿಪರ್ ಪಿನ್ ಜಾರುತ್ತಿಲ್ಲ. ಮೀನಿನ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ. ಐಸ್ ಕರಗಿದ ಉಪ್ಪುನೀರು ಬಾಡಿಯಿಂದ ಸೋರಿ ಕೆಳಗೆ ಎಲ್ಲ ಕಡೆ ಹಾರುತ್ತದೆ. ಪಿನ್ನಿನ ರಬ್ಬರ್ ಬೂಟ್ ಒಂದು ಕಡೆ ಹರಿದರೂ ನೀರು ಒಳಗೆ ಹೋಗಿ ತುಕ್ಕು ಹಿಡಿಯುತ್ತದೆ. ಪಿನ್ ಹೊರಗೆ ತೆಗೆದು ಶುದ್ಧ ಮಾಡಿ, ತಿಂದುಹೋಗಿದ್ದರೆ ಬದಲಿಸಿ, ಹೊಸ ಬೂಟ್ ಹಾಕಿ. ಗ್ರೀಸ್ ಮಾತ್ರ ಬ್ರೇಕಿಗಾಗಿಯೇ ಬರುವ ಸಿಲಿಕೋನ್ ಗ್ರೀಸ್ ಆಗಿರಬೇಕು. ಬೇರಿಂಗಿಗೆ ಹಾಕುವ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ.

ಒಂದು ಚಕ್ರ ಬಿಗಿ ಹಿಡಿದುಕೊಂಡೇ ಇದ್ದರೆ ಅದರ ಬ್ಲೀಡ್ ನಿಪ್ಪಲ್ (ಬ್ರೇಕ್ ಎಣ್ಣೆಯಿಂದ ಗಾಳಿ ಹೊರಗೆ ಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಿ. ಎಣ್ಣೆ ಚಿಮ್ಮಿ ಚಕ್ರ ಬಿಟ್ಟರೆ, ತಪ್ಪು ಮೇಲಿನದು: ರಬ್ಬರ್ ಹೋಸ್ ಒಳಗೆ ಊದಿ ಎಣ್ಣೆ ವಾಪಸ್ ಬಿಡುತ್ತಿಲ್ಲ, ಇಲ್ಲಾ ಮಾಸ್ಟರ್ ಸಿಲಿಂಡರ್. ನಿಪ್ಪಲ್ ತೆರೆದರೂ ಬಿಡದಿದ್ದರೆ ಪಿಸ್ಟನ್ ಅಥವಾ ಪಿನ್. ಆಮೇಲೆ ಗಾಳಿ ತೆಗೆಯುವುದನ್ನು ಮರೆಯಬಾರದು. ಹೌದು, ಬ್ರೇಕಿನ ಧೂಳನ್ನು ಗಾಳಿ ಪೈಪಿನಲ್ಲಿ ಊದಿಸಬೇಡಿ. ಒದ್ದೆ ಮಾಡಿ ಒರೆಸಿ. ಆ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ.

ವೀಲ್ ನಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಗನ್‌ನಲ್ಲಿ ಗರ್‌ರ್ ಅಂತ ಒಂದಾದ ಮೇಲೊಂದು ಬಿಗಿಯುತ್ತಾರಲ್ವಾ, ಅದು ಡಿಸ್ಕನ್ನು ಓರೆ ಮಾಡಲು ಸಾಕು. ಒಂದು ನಟ್ ಅತಿ ಬಿಗಿ, ಪಕ್ಕದ್ದು ಸಡಿಲ. ಎದುರುಬದುರು ನಟ್ ಬಿಗಿಯಬೇಕು, ಎರಡು-ಮೂರು ಹಂತದಲ್ಲಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ ಮ್ಯಾನುಯಲ್ ಹೇಳಿದಷ್ಟು. 50–100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿ. ನಿಮ್ಮ ನಡುಕ ಶುರುವಾಗುವ ಮೊದಲು ಮುಂದಿನ ಟೈರ್ ಪಂಕ್ಚರ್ ಹಾಕಿಸಿದ್ದೀರಾ, ನೆನಪು ಮಾಡಿಕೊಳ್ಳಿ.

ಈಗ ದೇವಿಮನೆ ಘಟ್ಟದ ಮಾತು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಕುಮಟೆ ಸಮುದ್ರದ ದಂಡೆಯಲ್ಲಿ. ಲೋಡ್ ಸೇರಿ ಮೂರು ಟನ್ ಇರುವ ಗಾಡಿ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಐದು ಯೂನಿಟ್ ಕರೆಂಟಿಗೆ ಸಮ. ಅದರಲ್ಲಿ 60 ಲೀಟರ್ ನೀರು ಕುದಿಸಬಹುದು. ಇದರಲ್ಲಿ ಒಂದು ಪಾಲನ್ನು ಗಾಳಿ, ಟೈರು ತೆಗೆದುಕೊಳ್ಳುತ್ತವೆ. ಉಳಿದದ್ದನ್ನು ಎಂಜಿನ್‌ಗೆ ಕೊಡುತ್ತೀರೋ, ಮುಂದಿನ ಎರಡು ಡಿಸ್ಕಿಗೆ ಕೊಡುತ್ತೀರೋ ಅನ್ನುವುದು ನಿಮ್ಮ ಗೇರಿನಲ್ಲಿದೆ. ಲೋಡ್ ಹಾಕಿ ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್ ಇರಲಿ, ಎರಡು ಅಥವಾ ಮೂರು. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಇಡೀ ಘಟ್ಟ ಕಾಲನ್ನು ಪೆಡಲಿನ ಮೇಲೆ ಮೆತ್ತಗೆ ಇಟ್ಟುಕೊಂಡೇ ಇಳಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಡಿಸ್ಕಿಗೆ ತಣಿಯಲು ಹೊತ್ತೇ ಸಿಗುವುದಿಲ್ಲ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಬಿಡುವವರು ಇನ್ನೂ ಇದ್ದಾರೆ. ಈಗಿನ ಕಾಮನ್ ರೈಲ್ ಎಂಜಿನ್, ಗೇರಿನಲ್ಲಿ ಇಳಿಯುವಾಗ ಎಕ್ಸಲರೇಟರ್ ಬಿಟ್ಟರೆ ಡೀಸೆಲ್ ಕುಡಿಯುವುದೇ ಇಲ್ಲ. ನ್ಯೂಟ್ರಲ್‌ನಲ್ಲಿ ಆದರೆ ಆರದ ಹಾಗೆ ಇರಲು ಕುಡಿಯುತ್ತದೆ.

ಘಟ್ಟ ಇಳಿದ ಕೂಡಲೇ ಚಹಾಕ್ಕೆ ನಿಲ್ಲಿಸುವುದು ನಮ್ಮ ಕಡೆ ರೂಢಿ. ಕಾದ ಡಿಸ್ಕನ್ನು ಪ್ಯಾಡ್ ಒತ್ತಿ ಹಿಡಿದುಕೊಂಡು ನಿಂತರೆ ಪ್ಯಾಡಿನ ಪದಾರ್ಥ ಡಿಸ್ಕಿಗೆ ಅಂಟುತ್ತದೆ. ಮೇಲೆ ಹೇಳಿದ ಅಚ್ಚು ಬೀಳುವುದು ಹೀಗೆ. ಎರಡು-ಮೂರು ಕಿ.ಮೀ. ಸಪಾಟಿನಲ್ಲಿ ಬ್ರೇಕ್ ಮುಟ್ಟದೆ ಓಡಿಸಿ, ಆಮೇಲೆ ನಿಲ್ಲಿಸಿ. ನಿಲ್ಲಿಸಿದ ಮೇಲೆ ಗೇರಿನಲ್ಲಿ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಬಿಸಿ ಡ್ರಮ್ಮಿಗೆ ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟರೆ ತಣಿಯುವಾಗ ಡ್ರಮ್ಮಿನ ವೃತ್ತ ತಪ್ಪಬಹುದು. ಹೊಗೆ ಬರುತ್ತಿದೆ ಅಂತ ನೀರು ಹೊಡೆಯುವುದಂತೂ ಬೇಡವೇ ಬೇಡ. ಎರಕದ ಕಬ್ಬಿಣ ಬಿರುಕು ಬಿಡುತ್ತದೆ.

ಮೀನುಗಾರಿಕೆ ನಿಷೇಧದ ಎರಡು ತಿಂಗಳಲ್ಲೂ ಒಂದು ತೊಂದರೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಗಾಡಿಯನ್ನು ಮನೆ ಮುಂದೆ ಮಳೆಯಲ್ಲಿ ಸುಮ್ಮನೆ ನಿಲ್ಲಿಸಿದರೆ, ಪ್ಯಾಡ್ ಇರುವ ಜಾಗ ಬಿಟ್ಟು ಉಳಿದ ಡಿಸ್ಕೆಲ್ಲ ತುಕ್ಕು ತಿನ್ನುತ್ತದೆ. ಆಗಸ್ಟ್‌ನಲ್ಲಿ ಮತ್ತೆ ಓಡಿಸುವಾಗ ಸುತ್ತಿಗೊಂದು ಸಲ ತಟ್ಟುತ್ತದೆ. ಸ್ವಲ್ಪ ತುಕ್ಕಾದರೆ ನಾಲ್ಕಾರು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ, ಆಳಕ್ಕೆ ತಿಂದಿದ್ದರೆ ಹೋಗುವುದಿಲ್ಲ. ವಾರಕ್ಕೊಮ್ಮೆ ಐದಾರು ಕಿ.ಮೀ. ಓಡಿಸಿ, ಡಿಸ್ಕ್ ಒಣಗಿಸಿ ನಿಲ್ಲಿಸಿ. ಸೀಸನ್ನಿನಲ್ಲಿ ಮೀನು ಇಳಿಸಿದ ಮೇಲೆ ಬಾಡಿಯ ಜೊತೆಗೆ ಚಕ್ರದ ಒಳಬದಿಗೂ ಸಿಹಿನೀರು ಹಾಯಿಸಿ, ಡಿಸ್ಕ್ ತಣಿದ ಮೇಲೆ.

ಕೆಲಸ ಮುಗಿದು ಹೊಸ ಪ್ಯಾಡ್ ಹಾಕಿದಾಗ ಹೊಂದಿಸಿಕೊಳ್ಳುವುದು ಅಗತ್ಯ. ಖಾಲಿ ರಸ್ತೆಯಲ್ಲಿ 50ರಿಂದ 15ಕ್ಕೆ ಸಮನಾಗಿ ಬ್ರೇಕ್ ಒತ್ತಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ಮಧ್ಯೆ ತಣಿಯಲು ಬಿಡಿ. ಹತ್ತು ಸಲ ಹಾಗೆ ಮಾಡಿ, ಕೊನೆಗೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ. ಪ್ಯಾಡ್ ಹಾಕಿದ ಮರುದಿನವೇ ಫುಲ್ ಲೋಡಿನಲ್ಲಿ ಘಟ್ಟ ಇಳಿಯಬೇಡಿ. ಎಡಕ್ಕೆ ಒಂದು ಕಂಪನಿ, ಬಲಕ್ಕೆ ಇನ್ನೊಂದು ಕಂಪನಿಯ ಪ್ಯಾಡೂ ಬೇಡ.

ಬ್ರೇಕ್ ಎಣ್ಣೆ ಬದಲಿಸಿ ಎರಡು ವರ್ಷ ಆಗಿದ್ದರೆ ಇದೇ ನೆಪದಲ್ಲಿ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಅದು ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ನಡುಕಕ್ಕಿಂತ ನೂರು ಪಟ್ಟು ಅಪಾಯ ಅದು.

ರಿಪೇರಿ ಆಗುವವರೆಗೆ ಓಡಿಸಬಹುದಾ ಅಂತ ನೀವು ಕೇಳಿಲ್ಲ, ಆದರೆ ಕೇಳಿಯೇ ಕೇಳುತ್ತೀರಿ. ಬರೀ ನಡುಕ ಆದರೆ ಕಡಿಮೆ ಲೋಡಿನಲ್ಲಿ, ಸಪಾಟಿನಲ್ಲಿ ನಾಲ್ಕು ದಿನ ನಡೆಯುತ್ತದೆ. ಗಾಡಿ ಒಂದು ಕಡೆ ಎಳೆದರೆ, ಸುಟ್ಟ ವಾಸನೆ ಬಂದರೆ, ಪೆಡಲ್ ಮೊದಲಿಗಿಂತ ಕೆಳಗೆ ಹೋದರೆ ಘಟ್ಟಕ್ಕೆ ಹೋಗಬೇಡಿ. ಗ್ಯಾರೇಜಿನಲ್ಲಿ ಡಯಲ್ ಗೇಜ್ ಇಲ್ಲದಿದ್ದರೆ ಇರುವ ಕಡೆ ಹೋಗಿ. ಅಳತೆ ಆದ ಮೇಲೆ ಎರಡೂ ಡಿಸ್ಕಿನ ಅತಿ ದಪ್ಪ, ಅತಿ ತೆಳು, ಓಲಾಟ, ಮತ್ತು ಡಿಸ್ಕಿನ ಮೇಲೆ ಬರೆದಿರುವ ಕನಿಷ್ಠ ದಪ್ಪ, ಇಷ್ಟನ್ನು ಬರೆದು ಕಳಿಸಿ. ಲೇತಾ, ಹೊಸ ಡಿಸ್ಕಾ ಅಂತ ಆಗ ಖಚಿತವಾಗಿ ಹೇಳುತ್ತೇನೆ.